ಮೂಲ ಚಿತ್ರದಿಂದ ಒಳ್ಳೆಯ ಪ್ರಿಂಟ್: ಫೋಟೊ ತೆಗೆಯುವ ಪೂರ್ತಿ ವಿಧಾನ, ಹಂತ ಹಂತವಾಗಿ

ಕಲಾಕೃತಿಗಳ ಫೋಟೊ ತೆಗೆಯುವ ದಾವಣಗೆರೆಯ ನನ್ನ ಕೋಣೆಗೆ ಚಿತ್ರ ಹೊತ್ತು ತರುವವರ ದೂರು ಹೆಚ್ಚುಕಡಿಮೆ ಒಂದೇ. "ಪ್ರಿಂಟ್ ಕಪ್ಪಾಗಿ ಬಂದಿದೆ." "ನೀಲಿ ಆಕಾಶ ನೇರಳೆ ಆಗಿದೆ." "ಒಂದು ಕಡೆ ಬೆಳ್ಳಗಿದೆ, ಇನ್ನೊಂದು ಕಡೆ ಮಂಕಾಗಿದೆ." ದೃಶ್ಯಕಲಾ ಮಹಾವಿದ್ಯಾಲಯದ ಹುಡುಗರು ಬರುತ್ತಾರೆ. ಚಿತ್ರದುರ್ಗದಿಂದ ಬಸ್ಸಿನಲ್ಲಿ ಕ್ಯಾನ್ವಾಸ್ ಹಿಡಿದುಕೊಂಡು ಡ್ರಾಯಿಂಗ್ ಮೇಷ್ಟ್ರುಗಳು ಬರುತ್ತಾರೆ. ಎರಡು ಮೂರು ಸಲ ದುಡ್ಡು ಕೊಟ್ಟು ಪ್ರಿಂಟ್ ಮಾಡಿಸಿ ಬೇಸತ್ತಿರುತ್ತಾರೆ. ಫೈಲ್ ತೆರೆದು ನೋಡಿದರೆ ತಪ್ಪು ಪ್ರಿಂಟರಿನದಲ್ಲ. ಬಹಳ ಸಲ ಕ್ಯಾಮೆರಾದ ಬಟನ್ ಒತ್ತುವ ಮೊದಲೇ ಕೆಲಸ ಕೆಟ್ಟಿರುತ್ತದೆ.

ಆದ್ದರಿಂದ ಇಲ್ಲಿ ಹೇಳಿರುವ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೊದಲು ಅಳತೆ, ಆಮೇಲೆ ಕೋಣೆ, ಆಮೇಲೆ ಬೆಳಕು, ಅದಾದ ಮೇಲೆ ಕ್ಯಾಮೆರಾ. ಕಂಪ್ಯೂಟರ್ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗೆ ಮಾಡುತ್ತಾರೆ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಫೈಲ್) ತೆಗೆಯುವ ಕ್ಯಾಮೆರಾ ಬೇಕು. 24 ಮೆಗಾಪಿಕ್ಸೆಲ್ ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಜೂಮ್ ಲೆನ್ಸ್ ಬದಲು 50 ಎಂಎಂ ಲೆನ್ಸ್ ತನ್ನಿ, ಸಾಧ್ಯವಾದರೆ ಮ್ಯಾಕ್ರೊ ಲೆನ್ಸ್ (ತೀರ ಹತ್ತಿರದಿಂದ ತೆಗೆಯುವಂಥದ್ದು). ಕ್ಯಾಮೆರಾ ಜೊತೆಗೇ ಬರುವ ಕಿಟ್ ಜೂಮ್ ಲೆನ್ಸಿನಲ್ಲಿ ಚಿತ್ರದ ಅಂಚು ಬಿಲ್ಲಿನ ಹಾಗೆ ಬಾಗುತ್ತದೆ. ಅಲುಗಾಡದ ಟ್ರೈಪಾಡ್, ಒಂದೇ ಕಂಪನಿಯ ಒಂದೇ ಮಾಡೆಲ್‌ನ ಎರಡು ಲೈಟು, 24 ಬಣ್ಣದ ಚೌಕಗಳಿರುವ ಕಲರ್ ಚಾರ್ಟ್, ಅಂಗೈಯಗಲದ ಚಪ್ಪಟೆ ಕನ್ನಡಿ, ಅಳತೆ ಟೇಪು, ಗಾರೆಯವರು ಬಳಸುವ ರಸಮಟ್ಟ, ಒಂದು ಬಿಳಿ ಫೋಮ್ ಬೋರ್ಡ್. ಜೊತೆಗೆ ಎರಡು ಕರಿ ಕಂಬಳಿ. ಚಳ್ಳಕೆರೆ ಕಡೆಯ ಕರಿ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು. ಬೆಳಕನ್ನು ಹಾಗೇ ನುಂಗಿಬಿಡುತ್ತದೆ. ಅದರ ಉಪಯೋಗ ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಲೈಟಿನಲ್ಲಿ ಜಿಪುಣತನ ಬೇಡ. ಡಬ್ಬದ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿರಬೇಕು. ಮನೆಯ ಸಾಮಾನ್ಯ ಎಲ್‌ಇಡಿ ಬಲ್ಬಿನಲ್ಲಿ ಕೆಂಪು ಸರಿಯಾಗಿ ಇರುವುದಿಲ್ಲ. ಕುಂಕುಮದ ಬಣ್ಣ ಇಟ್ಟಿಗೆ ಬಣ್ಣವಾಗುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ವಾಪಸ್ ತರುವುದಿಲ್ಲ.

ಮೊಬೈಲ್ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಪೋಸ್ಟ್‌ಕಾರ್ಡ್ ಅಳತೆಗೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಬೇಡ. ಮೊಬೈಲ್ ತಾನೇ ತೀಕ್ಷ್ಣತೆ ಕೂಡಿಸುತ್ತದೆ, ನೆರಳನ್ನು ತಾನೇ ಎತ್ತುತ್ತದೆ. ನೀವು ಬೇಕೆಂದೇ ಇಟ್ಟ ಕಪ್ಪನ್ನು ಅದು ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ.

ಹಂತ 1: ಪ್ರಿಂಟ್ ಎಷ್ಟು ದೊಡ್ಡದು? ಮೊದಲು ಲೆಕ್ಕ ಹಾಕಿ

ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಕ್ಯಾನ್ವಾಸ್ ಅಥವಾ ಮ್ಯಾಟ್ ಕಾಗದಕ್ಕೆ 240 ಕೂಡ ನಡೆಯುತ್ತದೆ. ಎ3 ಅಳತೆಗೆ 3508 × 4961 ಪಿಕ್ಸೆಲ್. ಎ2 ಅಳತೆಗೆ 4961 × 7016, ಅಂದರೆ ಸುಮಾರು 35 ಮೆಗಾಪಿಕ್ಸೆಲ್.

24 ಮೆಗಾಪಿಕ್ಸೆಲ್ ಕ್ಯಾಮೆರಾ 6000 × 4000 ಕೊಡುತ್ತದೆ. ಆದರೆ ಚಿತ್ರದ ಆಕಾರ ಕ್ಯಾಮೆರಾ ಫ್ರೇಮಿನ ಆಕಾರಕ್ಕೆ ಹೊಂದಬೇಕಲ್ಲ? ಚೌಕ ಚಿತ್ರವಾದರೆ ನಿಮಗೆ ಸಿಗುವುದು 4000 × 4000 ಮಾತ್ರ. 300ರ ಲೆಕ್ಕದಲ್ಲಿ 13 ಇಂಚು ಚಿಲ್ಲರೆ. ಸುತ್ತ ಸ್ವಲ್ಪ ಜಾಗ ಬಿಟ್ಟರೆ ಇನ್ನೂ ಕಡಿಮೆ. ಗಿರಾಕಿಗೆ 24 ಇಂಚಿನ ಚೌಕ ಪ್ರಿಂಟ್ ಕೊಡುತ್ತೇನೆ ಅಂತ ಮಾತು ಕೊಟ್ಟು, ಆಮೇಲೆ ಫೈಲನ್ನು ಹಿಗ್ಗಿಸಿದವರನ್ನು ಬಹಳ ನೋಡಿದ್ದೇನೆ. ಕುಂಚದ ಗೆರೆಗಳು ಮೇಣದ ಹಾಗೆ ಕಾಣುತ್ತವೆ. ಲೆಕ್ಕ ಸಾಲದಿದ್ದರೆ ಎಂಟನೇ ಹಂತದ ಪ್ರಕಾರ ಭಾಗ ಭಾಗವಾಗಿ ತೆಗೆಯಿರಿ.

ಎ4 ಒಳಗಿನ ಪೆನ್ಸಿಲ್, ಇಂಕ್, ತೆಳು ಜಲವರ್ಣಕ್ಕೆ ಫ್ಲಾಟ್‌ಬೆಡ್ ಸ್ಕ್ಯಾನರ್ ಚೆನ್ನಾಗಿಯೇ ಇರುತ್ತದೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಆಟೋ ಕಲರ್ ಆಫ್ ಮಾಡಿ. ಸಿಸಿಡಿ ಮಾದರಿಯ (ಒಳಗೆ ಲೆನ್ಸ್ ಇರುವ, ದಪ್ಪನೆಯ) ಸ್ಕ್ಯಾನರ್ ಆಗಿರಲಿ. ತೆಳ್ಳಗಿನ ಸಿಐಎಸ್ ಸ್ಕ್ಯಾನರಿನಲ್ಲಿ ಕಾಗದ ಒಂದು ಚೂರು ಉಬ್ಬಿದ್ದರೂ ಆ ಜಾಗ ಮಸುಕಾಗುತ್ತದೆ. ಚಾರ್ಕೋಲ್, ಪಾಸ್ಟೆಲ್ ಚಿತ್ರಗಳನ್ನು ಸ್ಕ್ಯಾನರಿನ ಗಾಜಿಗೆ ಒತ್ತಲೇಬೇಡಿ.

ಹಂತ 2: ಕೋಣೆಯನ್ನು ಕಪ್ಪು ಮಾಡಿ

ಇದನ್ನು ಬಿಟ್ಟವರೇ ಜಾಸ್ತಿ. ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ.

ಒಬ್ಬ ವಿದ್ಯಾರ್ಥಿ ದುರ್ಗದ ಕೋಟೆಯ ತೈಲಚಿತ್ರ ತಂದಿದ್ದ. ಕೆಳಗಿನ ಅರ್ಧ ಪೂರ್ತಿ ಬಂಡೆ, ಎಲ್ಲ ಬೂದು. ಆಗ ನಾನು ಹಳೆಯ ಮನೆಯೊಂದರ ನಡುಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಫೋಟೊದಲ್ಲಿ ಮೇಲಿನ ಬುರುಜು ಸರಿಯಾಗಿತ್ತು. ಕೆಳಗಿನ ಬಂಡೆಗಳು ಮಾತ್ರ ಕೆಂಪಗೆ, ಸಂಜೆ ಬಿಸಿಲು ಬಿದ್ದ ಹಾಗೆ. ಅರ್ಧ ದಿನ ಕಂಪ್ಯೂಟರಿನಲ್ಲಿ ತಿದ್ದಿದೆ. ಕೆಂಪು ತೆಗೆದರೆ ಬಂಡೆ ಹಸಿರಾಗುತ್ತಿತ್ತು. ಕೊನೆಗೆ ತಲೆ ಬಗ್ಗಿಸಿ ನೆಲ ನೋಡಿದೆ. ರೆಡ್ ಆಕ್ಸೈಡ್ ನೆಲ, ಆವತ್ತು ತಾನೇ ಒರೆಸಿ ಹೊಳೆಯುತ್ತಿತ್ತು. ಲೈಟು ನೆಲಕ್ಕೆ ಬಡಿದು ಚಿತ್ರದ ಬುಡಕ್ಕೆ ಕೆಂಪು ಎರಚುತ್ತಿತ್ತು. ಕಂಬಳಿ ಹಾಸಿ ಮತ್ತೆ ತೆಗೆದೆ. ಹತ್ತು ನಿಮಿಷದಲ್ಲಿ ಮುಗಿಯಿತು.

ಗೋಡೆಯೂ ಹೀಗೆಯೇ. ನಮ್ಮ ಮನೆಗಳಲ್ಲಿ ತಿಳಿ ಹಸಿರು, ಗುಲಾಬಿ, ಆಕಾಶ ನೀಲಿ ಬಳಿದಿರುತ್ತಾರೆ. ಚಿತ್ರದ ಎದುರಿನ ಮತ್ತು ಅಕ್ಕಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ. ನೆಲಕ್ಕೆ ಕಂಬಳಿ. ನೀವೂ ಕಪ್ಪು ಅಥವಾ ಬೂದು ಅಂಗಿ ಹಾಕಿಕೊಳ್ಳಿ. ಹಳದಿ ಟೀ ಶರ್ಟ್ ಹಾಕಿಕೊಂಡು ಕ್ಯಾಮೆರಾ ಹಿಂದೆ ನಿಂತರೆ ವಾರ್ನಿಶ್ ಹಚ್ಚಿದ ಚಿತ್ರದಲ್ಲಿ ಅದು ಕಾಣುತ್ತದೆ.

ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಸೇರಿದರೆ ಚಿತ್ರದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ. ಸೀಲಿಂಗ್ ಫ್ಯಾನ್ ಕೂಡ ನಿಲ್ಲಿಸಬೇಕು. ಏಪ್ರಿಲ್‌ನಲ್ಲಿ ಇದು ಕಷ್ಟ, ಗೊತ್ತು. ಆದರೆ ಫ್ಯಾನಿನ ಗಾಳಿಗೆ ಕಾಗದ ಅಲುಗಿದರೆ ಸಾಕು, ಸೂಕ್ಷ್ಮ ಗೆರೆ ಹೋಯಿತು. ಚಿತ್ರದುರ್ಗದ ಗಾಳಿಯಲ್ಲಿ ಕೆಲಸ ಮಾಡುವವರು ಬಾಗಿಲಿನ ಸಂದಿಗೂ ಬಟ್ಟೆ ಇಡಿ.

ಲಕ್ಷಣ: ಚಿತ್ರದ ಬೂದು ಮತ್ತು ಬಿಳಿ ಭಾಗಗಳನ್ನು ಮೇಲೆ, ಕೆಳಗೆ, ಎಡ, ಬಲ ಹೋಲಿಸಿ ನೋಡಿ. ಹೊರಗಿನಿಂದ ಬಿದ್ದ ಬಣ್ಣ ಮೊದಲು ಕಾಣುವುದು ಬೂದಿನಲ್ಲೇ.

ಹಂತ 3: ಚಿತ್ರವನ್ನು ಮಟ್ಟಸವಾಗಿ ನಿಲ್ಲಿಸಿ

ಈಸೆಲ್ ಬೇಡ. ಈಸೆಲ್ ಮೇಲೆ ಚಿತ್ರ ಹಿಂದಕ್ಕೆ ವಾಲುತ್ತದೆ. ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿ, ರಸಮಟ್ಟ ಇಟ್ಟು ನೋಡಿ. ಮೇಲಿನ ಅಂಚು ಗೋಡೆಯಿಂದ ಮುಂದೆ ಬಾಗಿದ್ದರೆ ಕೆಳಗಿನ ಅಂಚಿನ ಹಿಂದೆ ರಟ್ಟು ಸಿಕ್ಕಿಸಿ.

ಗಾಜಿನ ಫ್ರೇಮ್ ಇದ್ದರೆ ಬಿಚ್ಚಲೇಬೇಕು. ತೈಲಚಿತ್ರವಾದರೆ ವಾರ್ನಿಶ್ ಹಚ್ಚುವ ಮೊದಲೇ ಫೋಟೊ ತೆಗೆಯಿರಿ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಬಟ್ಟೆಯಿಂದ ಉಜ್ಜಬೇಡಿ.

ಕಾಗದದ ಚಿತ್ರಕ್ಕೆ ನಾನು ಕಂಡುಕೊಂಡ ಸುಲಭ ಜಾಗ ಕಬ್ಬಿಣದ ಬೀರುವಿನ ಬಾಗಿಲು. ಕಪ್ಪು ಚಾರ್ಟ್ ಹಾಳೆ ಅಂಟಿಸಿ, ಅದರ ಮೇಲೆ ಚಿತ್ರ ಇಟ್ಟು, ಬಿಳಿ ಅಂಚಿನ ಮೇಲೆ ಮಾತ್ರ ಸಣ್ಣ ಮ್ಯಾಗ್ನೆಟ್ ಕೂರಿಸಿ. ಜಲವರ್ಣದ ಕಾಗದ ಸುಕ್ಕಾಗಿದ್ದರೆ ಹಿಂದಿನ ರಾತ್ರಿ ಎರಡು ಶುಭ್ರ ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಪಾಸ್ಟೆಲ್ಲಿಗೆ ಹೀಗೆ ಮಾಡಬೇಡಿ, ಬಣ್ಣ ಉದುರುತ್ತದೆ.

ಹಂತ 4: ಬೆಳಕು ಸಮ ಆಗುವವರೆಗೆ ಚಿತ್ರದ ಫೋಟೊ ತೆಗೆಯಬೇಡಿ

ಎರಡು ಲೈಟು, ಚಿತ್ರದ ಎಡಕ್ಕೊಂದು ಬಲಕ್ಕೊಂದು. ಚಿತ್ರಕ್ಕೆ 45 ಡಿಗ್ರಿ ಓರೆಯಲ್ಲಿ, ಚಿತ್ರದ ನಡುವಿನ ಎತ್ತರಕ್ಕೆ. ಎರಡೂ ಚಿತ್ರದಿಂದ ಒಂದೇ ದೂರ. ಈ ದೂರವನ್ನು ಕಣ್ಣಳತೆಯಲ್ಲಿ ಮಾಡಬೇಡಿ, ಟೇಪು ಹಿಡಿಯಿರಿ.

ಲೈಟು ಹತ್ತಿರ ಇದ್ದಷ್ಟೂ ಬೆಳಕು ಒಂದೇ ಕಡೆ ಗುಡ್ಡೆಯಾಗುತ್ತದೆ. ದೂರ ಒಯ್ದಷ್ಟೂ ಹರಡಿ ಸಮ ಆಗುತ್ತದೆ. ಚಿತ್ರದ ಮೂಲೆಯಿಂದ ಮೂಲೆಗೆ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟಾದರೂ ದೂರ ಇರಲಿ. ಬೆಳಕು ಕಡಿಮೆಯಾಯಿತು ಅಂತ ಹೆದರಬೇಡಿ. ಕ್ಯಾಮೆರಾ ಟ್ರೈಪಾಡ್ ಮೇಲಿದೆ, ಚಿತ್ರ ಓಡಿಹೋಗುವುದಿಲ್ಲ. ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟರೆ ಆಯಿತು.

ಈಗ ಪೆನ್ಸಿಲ್ ಪರೀಕ್ಷೆ. ಬಿಳಿ ಫೋಮ್ ಬೋರ್ಡನ್ನು ಚಿತ್ರದ ಮುಂದೆ, ಅದಕ್ಕೆ ತಾಗದ ಹಾಗೆ ನಿಲ್ಲಿಸಿ. ಬೋರ್ಡಿನ ನಟ್ಟನಡುವೆ ಪೆನ್ಸಿಲ್ಲನ್ನು ನೇರ ನಿಮ್ಮ ಕಡೆ ಚಾಚಿಕೊಂಡಿರುವ ಹಾಗೆ ಹಿಡಿಯಿರಿ. ಎರಡು ಕಡೆ ಎರಡು ನೆರಳು ಬೀಳುತ್ತವೆ. ಉದ್ದವೂ ಒಂದೇ, ಕಪ್ಪೂ ಒಂದೇ ಇರಬೇಕು. ಎಡದ ನೆರಳು ದಟ್ಟ ಇದ್ದರೆ ಬಲದ ಲೈಟು ಜೋರಾಗಿದೆ ಎಂದರ್ಥ. ಅದನ್ನು ನಾಲ್ಕು ಬೆರಳಷ್ಟು ಹಿಂದೆ ಸರಿಸಿ ಮತ್ತೆ ನೋಡಿ.

ಪೆನ್ಸಿಲ್ ಪರೀಕ್ಷೆ ಕಣ್ಣಿಗೆ. ಅಂಕಿಯ ಪರೀಕ್ಷೆ ಬೇರೆ. ಅದೇ ಬಿಳಿ ಬೋರ್ಡಿನ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ತೆರೆಯಿರಿ. ನಡುವೆ ಮತ್ತು ನಾಲ್ಕು ಮೂಲೆಯಲ್ಲಿ ಕರ್ಸರ್ ಇಟ್ಟು ಆರ್‌ಜಿಬಿ ಸಂಖ್ಯೆ (ಕೆಂಪು, ಹಸಿರು, ನೀಲಿ ಎಷ್ಟಿದೆ ಎಂದು 0ರಿಂದ 255ರ ತನಕ ಹೇಳುವ ಸಂಖ್ಯೆ) ಓದಿ. ನಡುವೆ 200 ಇದ್ದರೆ ಮೂಲೆಗಳಲ್ಲಿ 197ರಿಂದ 203 ಇರಬೇಕು. 185 ಬಂದರೆ ಲೈಟನ್ನು ಇನ್ನೂ ದೂರ ಒಯ್ಯಿರಿ. ನಮ್ಮ ಕಣ್ಣು ಈ ವ್ಯತ್ಯಾಸವನ್ನು ಸರಿದೂಗಿಸಿಬಿಡುತ್ತದೆ. ಗೋಡೆಗೆ ತೂಗುಹಾಕಿದ ಪ್ರಿಂಟ್ ಅದನ್ನು ಮುಚ್ಚಿಡುವುದಿಲ್ಲ. ಈ ಬೋರ್ಡಿನ ಫೋಟೊ ಅಳಿಸಬೇಡಿ, ಒಂಬತ್ತನೇ ಹಂತದಲ್ಲಿ ಬೇಕು.

ಲೈಟು ಹಚ್ಚಿ ಹದಿನೈದು ನಿಮಿಷ ಬಿಟ್ಟು ಶುರು ಮಾಡಿ. ನಡುವೆ ಕರೆಂಟ್ ಹೋಗಿ ಬಂದರೆ ಬಿಳಿ ಬೋರ್ಡಿನಿಂದ ಮತ್ತೆ ಆರಂಭಿಸಿ. ಸುಮ್ನೆ ಮುಂದುವರಿಸಬೇಡಿ.

ಬಿಸಿಲಲ್ಲಿ ತೆಗೆಯಬಹುದೇ? ನೇರ ಬಿಸಿಲಲ್ಲಿ ಬೇಡ. ಪಡಸಾಲೆಯ ನೆರಳಿನಲ್ಲಿ ಒಂದು ಸಣ್ಣ ಜಲವರ್ಣ ತೆಗೆಯಬಹುದು. ಆದರೆ ಒಂದು ಮೋಡ ಹಾದುಹೋದರೂ ಮೊದಲ ಶಾಟಿಗೂ ಎರಡನೆಯದಕ್ಕೂ ತಾಳೆ ಆಗುವುದಿಲ್ಲ. ಹತ್ತು ಚಿತ್ರಗಳ ಸರಣಿಗೆ ಇದು ನಂಬುವ ದಾರಿ ಅಲ್ಲ.

ಹಂತ 5: ಕನ್ನಡಿ ಇಟ್ಟು ಕ್ಯಾಮೆರಾ ನೇರ ಮಾಡಿ

ಫೋಟೊದಲ್ಲಿ ಚಿತ್ರ ಸೊಟ್ಟ ಬಂದರೆ ಕಂಪ್ಯೂಟರಿನಲ್ಲಿ ಎಳೆದು ಸರಿ ಮಾಡಬಹುದು. ಆದರೆ ಎಳೆದ ಮೂಲೆಯಲ್ಲಿ ಪಿಕ್ಸೆಲ್ ಹಿಗ್ಗುತ್ತವೆ, ಆ ಮೂಲೆ ಮಸುಕಾಗುತ್ತದೆ.

ಕನ್ನಡಿಯನ್ನು ಚಿತ್ರದ ನಡುಭಾಗಕ್ಕೆ ಸಮನಾಗಿ, ಚಿತ್ರದ ಮೇಲ್ಮೈಗೆ ಒರಗುವ ಹಾಗೆ ಹಿಡಿಯಲು ಯಾರಿಗಾದರೂ ಹೇಳಿ. ಬಣ್ಣ ಹಸಿ ಇದ್ದರೆ ಗೋಡೆಗೆ ಹಿಡಿಯಲಿ. ಕ್ಯಾಮೆರಾದ ಪರದೆಯಲ್ಲಿ ನೋಡಿ. ಕನ್ನಡಿಯೊಳಗೆ ನಿಮ್ಮ ಲೆನ್ಸ್ ಕಾಣುತ್ತದೆ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬಂದರೆ ಕ್ಯಾಮೆರಾ ನೇರ ಇದೆ. ಪಕ್ಕಕ್ಕಿದ್ದರೆ ಟ್ರೈಪಾಡ್ ಸರಿಸಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಖರವಾದ ವಿಧಾನ ನನಗೆ ಸಿಕ್ಕಿಲ್ಲ.

ಹಂತ 6: ಸೆಟ್ಟಿಂಗ್, ಫೋಕಸ್, ಶಾಟ್

ಎಲ್ಲವೂ ಮ್ಯಾನುಯಲ್. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ತೆರಪು) ಎಫ್ 8. ತೆರಪು ಕಿರಿದು ಮಾಡಿ ಎಫ್ 22ಕ್ಕೆ ಹೋದರೆ ಹೆಚ್ಚು ತೀಕ್ಷ್ಣ ಬರುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಬರುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ. ಎಲ್‌ಇಡಿ ಲೈಟಿನಲ್ಲಿ 1/25 ಸೆಕೆಂಡಿಗಿಂತ ವೇಗದ ಶಟರ್ ಬೇಡ, ಅಡ್ಡ ಪಟ್ಟೆಗಳು ಬರಬಹುದು. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಬಟನ್ ಕೈಯಿಂದ ಒತ್ತಬೇಡಿ, ಎರಡು ಸೆಕೆಂಡಿನ ಟೈಮರ್ ಹಾಕಿ.

ಫೋಕಸ್‌ಗೆ ಲೈವ್ ವ್ಯೂ ಹಾಕಿ 10 ಪಟ್ಟು ದೊಡ್ಡದು ಮಾಡಿ. ಕ್ಯಾನ್ವಾಸಿನ ನೇಯ್ಗೆಯ ಎಳೆ ಅಥವಾ ಸಹಿಯ ತುದಿ ಕಾಣುವವರೆಗೆ ರಿಂಗ್ ತಿರುಗಿಸಿ. ನಾಲ್ಕು ಮೂಲೆಯನ್ನೂ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಐದನೇ ಹಂತ ಸರಿ ಆಗಿಲ್ಲ, ವಾಪಸ್ ಹೋಗಿ.

ಮೊದಲ ಶಾಟ್ ಚಿತ್ರದ ಜಾಗದಲ್ಲಿ ಹಿಡಿದ ಕಲರ್ ಚಾರ್ಟಿನದು. ಅದರ ಬಿಳಿ ಚೌಕದ ಸಂಖ್ಯೆ 240ರ ಆಸುಪಾಸು ಬರುವ ಹಾಗೆ ಶಟರ್ ವೇಗ ಹೊಂದಿಸಿ. 255 ಮುಟ್ಟಿದರೆ ಆ ಬಿಳಿಯಲ್ಲಿದ್ದ ವಿವರ ಹೋಯಿತು. ಇನ್ನು ಏನನ್ನೂ ಬದಲಿಸದೆ ಚಾರ್ಟ್ ತೆಗೆದು ಚಿತ್ರ ತೆಗೆಯಿರಿ. ಚಾರ್ಟ್ ಶಾಟ್ ಇಲ್ಲದ ಫೈಲ್ ನನ್ನ ಹತ್ತಿರ ಬಂದರೆ ಮತ್ತೆ ತೆಗೆದುಕೊಂಡು ಬನ್ನಿ ಅಂತಲೇ ಹೇಳುತ್ತೇನೆ.

ಹಂತ 7: ಹೊಳಪು ಮತ್ತು ಬಂಗಾರದ ರೇಕು

ದಪ್ಪ ಬಣ್ಣದ ತೈಲಚಿತ್ರ, ಕಪ್ಪು ಹಿನ್ನೆಲೆಯ ಅಕ್ರಿಲಿಕ್ ಚಿತ್ರಗಳಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ. ಲೈಟಿನ ಓರೆಯನ್ನು ಇನ್ನಷ್ಟು ಪಕ್ಕಕ್ಕೆ ಮಾಡಿ ನೋಡಿ. ಹೋಗದಿದ್ದರೆ ಎರಡೂ ಲೈಟಿನ ಮುಂದೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ), ಲೆನ್ಸಿಗೆ ಅದೇ ಬಗೆಯ ಪೋಲರೈಸರ್ ಫಿಲ್ಟರ್. ಎರಡು ಹಾಳೆಗಳ ದಿಕ್ಕು ಒಂದೇ ಇರಬೇಕು. ಪಕ್ಕದಲ್ಲಿ ಸ್ಟೀಲ್ ಚಮಚ ಇಟ್ಟು ಫಿಲ್ಟರ್ ತಿರುಗಿಸಿ. ಚಮಚದ ಮೇಲಿನ ಲೈಟಿನ ಹೊಳಪು ಆರಿದ ಜಾಗವೇ ಸರಿಯಾದ ಜಾಗ. ಬೆಳಕು ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಅರ್ಧಕ್ಕರ್ಧ) ಕಡಿಮೆಯಾಗುತ್ತದೆ, ಬಣ್ಣವೂ ಸ್ವಲ್ಪ ತಿರುಗುತ್ತದೆ. ಚಾರ್ಟ್ ಶಾಟ್ ಮತ್ತೆ ತೆಗೆಯಬೇಕು. ಹಾಳೆಯನ್ನು ಬಿಸಿಯಾಗುವ ಲೈಟಿಗೆ ತಾಗಿಸಬೇಡಿ, ಸುರುಟುತ್ತದೆ.

ಹೊಳಪನ್ನು ಪೂರ್ತಿ ಆರಿಸಿದರೆ ದಪ್ಪ ಬಣ್ಣದ ಏರಿಳಿತವೂ ಚಪ್ಪಟೆಯಾಗುತ್ತದೆ. ನೈಫ್‌ನಿಂದ ಮಾಡಿದ ಚಿತ್ರಗಳಿಗೆ ಫಿಲ್ಟರನ್ನು ಸ್ವಲ್ಪ ಹಿಂದೆ ತಿರುಗಿಸಿ ಒಂದಿಷ್ಟು ಹೊಳಪು ಉಳಿಸಿ.

ಮೈಸೂರು ಶೈಲಿಯ ಚಿತ್ರಗಳದ್ದು ಬೇರೆ ಕಥೆ. ಪೋಲರೈಸರ್ ಹಾಕಿದ ಕೂಡಲೇ ಬಂಗಾರದ ರೇಕು ಕಂದು ಮಣ್ಣಾಗುತ್ತದೆ. ನಾನು ಎರಡು ಶಾಟ್ ತೆಗೆಯುತ್ತೇನೆ. ಒಂದು ಪೋಲರೈಸರ್ ಹಾಕಿ, ಬಣ್ಣಗಳಿಗಾಗಿ. ಇನ್ನೊಂದು ಪೋಲರೈಸರ್ ಇಲ್ಲದೆ, ಮೇಲಿನಿಂದ ಬಿಳಿ ಹಾಳೆಗೆ ಬೆಳಕು ಬಡಿಸಿ, ಬಂಗಾರಕ್ಕಾಗಿ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಆಮೇಲೆ ಬಂಗಾರದ ಭಾಗಕ್ಕೆ ಮಾತ್ರ ಎರಡನೇ ಶಾಟನ್ನು ಮಾಸ್ಕ್ ಮಾಡಿ ಸೇರಿಸುತ್ತೇನೆ. ಪ್ರಿಂಟಿನಲ್ಲಿ ಲೋಹದ ಮಿಂಚು ಬರುವುದಿಲ್ಲ, ಗಿರಾಕಿಗೆ ಅದನ್ನು ಮೊದಲೇ ಹೇಳಿಬಿಡಿ.

ಹಂತ 8: ದೊಡ್ಡ ಚಿತ್ರವನ್ನು ಭಾಗ ಭಾಗವಾಗಿ

ಕ್ಯಾಮೆರಾ ತಿರುಗಿಸಿ ಎಡ, ನಡು, ಬಲ ಅಂತ ತೆಗೆಯುವವರಿದ್ದಾರೆ. ಪ್ರತಿ ಭಾಗವೂ ಬೇರೆ ಓರೆಯಲ್ಲಿ ಬರುತ್ತದೆ, ಬೆಳಕೂ ಬೇರೆ. ಕ್ಯಾಮೆರಾ ಮತ್ತು ಲೈಟು ಇದ್ದಲ್ಲೇ ಇರಲಿ. ಚಿತ್ರವನ್ನೇ ಸರಿಸಿ. ಗೋಡೆಗೆ ಒಂದು ಮರದ ಪಟ್ಟಿ ರಸಮಟ್ಟಕ್ಕೆ ಹೊಡೆದು, ಅದರ ಮೇಲೆ ಚಿತ್ರ ನಿಲ್ಲಿಸಿ ಜಾರಿಸಿದರೆ ಸಲೀಸು. ಒಂದು ಶಾಟಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಲಿ. ಜೋಡಿಸುವ ಸಾಫ್ಟ್‌ವೇರಿನಲ್ಲಿ ಪನೋರಮಾ ಬಾಗಿಸುವ ಆಯ್ಕೆ ಬೇಡ. ಫೋಟೊಶಾಪಿನ ಫೋಟೊಮರ್ಜ್‌ನಲ್ಲಿ ರೀಪೊಸಿಷನ್ ಆರಿಸಿ.

ಹಂತ 9: ಕಂಪ್ಯೂಟರಿನಲ್ಲಿ, ಆದಷ್ಟು ಕಡಿಮೆ

ಮೊದಲು ಮಾನಿಟರ್. ಪ್ರಿಂಟ್ ಕಪ್ಪಾಗಿ ಬರಲು ಮುಕ್ಕಾಲು ಸಲ ಇದೇ ಕಾರಣ. ಮಾನಿಟರ್ ಕಣ್ಣು ಕುಕ್ಕುವಷ್ಟು ಬೆಳಗುತ್ತಿರುತ್ತದೆ, ಅದನ್ನು ನೋಡಿ ನೀವು ಫೈಲನ್ನು ಕಪ್ಪು ಮಾಡುತ್ತೀರಿ. ಕ್ಯಾಲಿಬ್ರೇಟರ್ (ಪರದೆಯ ಬೆಳಕು, ಬಣ್ಣ ಅಳೆಯುವ ಸಾಧನ) ಇದ್ದರೆ ಚದರ ಮೀಟರಿಗೆ 100 ಕ್ಯಾಂಡೆಲಾ ಹತ್ತಿರ ಇಡಿ. ಇಲ್ಲದಿದ್ದರೆ ಪರದೆಯಲ್ಲಿ ಖಾಲಿ ಬಿಳಿ ತೆರೆದು, ಪಕ್ಕದಲ್ಲಿ ಒಳ್ಳೆಯ ಬೆಳಕಿನಲ್ಲಿ ಬಿಳಿ ಕಾಗದ ಹಿಡಿಯಿರಿ. ಎರಡೂ ಒಂದೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ.

ರಾ ಫೈಲ್ ತೆರೆದು ಈ ಕ್ರಮದಲ್ಲಿ ಹೋಗಿ: ಚಾರ್ಟಿನ ಬೂದು ಚೌಕದಿಂದ ವೈಟ್ ಬ್ಯಾಲೆನ್ಸ್, ಚಾರ್ಟಿನಿಂದ ಮಾಡಿದ ಪ್ರೊಫೈಲ್ (ಕ್ಯಾಮೆರಾದ ಬಣ್ಣ ಸರಿಪಡಿಸುವ ಫೈಲ್), ಲೆನ್ಸ್ ಕರೆಕ್ಷನ್, ಬಿಳಿ ಬೋರ್ಡಿನ ಫೋಟೊ ಬಳಸಿ ಫ್ಲಾಟ್ ಫೀಲ್ಡ್ ಕರೆಕ್ಷನ್ (ಉಳಿದ ಬೆಳಕಿನ ಏರುಪೇರು ಸರಿಮಾಡುವುದು), ಕೊನೆಗೆ ಕ್ರಾಪ್. ಲೈಟ್‌ರೂಮ್ ಕ್ಲಾಸಿಕ್‌ನಲ್ಲೂ ಉಚಿತವಾಗಿ ಸಿಗುವ ರಾ ಥೆರಪಿಯಲ್ಲೂ ಫ್ಲಾಟ್ ಫೀಲ್ಡ್ ಇದೆ. ವಿವಿಡ್, ಕ್ಲಾರಿಟಿ, ಸ್ಯಾಚುರೇಶನ್ ಕಡೆ ಕೈ ಹಾಕಬೇಡಿ. ಚಿತ್ರ ಬರೆದವರು ಇಟ್ಟ ಬಣ್ಣ ಅದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬಣ್ಣ ಮೋಸ ಮಾಡುತ್ತದೆ. ಕೋಬಾಲ್ಟ್ ಬ್ಲೂ. ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕನ್ನೂ ಅದು ಹಿಂದಕ್ಕೆ ಕಳಿಸುತ್ತದೆ. ಕ್ಯಾಮೆರಾದ ಸೆನ್ಸರ್ ಅದನ್ನು ಹಿಡಿದು ನೀಲಿಯನ್ನು ನೇರಳೆ ಮಾಡುತ್ತದೆ. ಆಕಾಶ ನೇರಳೆ ಆಗುವುದು ಬಹಳ ಸಲ ಹೀಗೆ. ಪೂರ್ತಿ ಚಿತ್ರದ ಬಣ್ಣ ತಿರುಗಿಸಬೇಡಿ. ಆ ನೀಲಿಯನ್ನು ಮಾತ್ರ ಆಯ್ದುಕೊಂಡು, ಮೂಲ ಚಿತ್ರ ಪಕ್ಕದಲ್ಲಿಟ್ಟು, ಹ್ಯೂ (ಬಣ್ಣದ ಛಾಯೆ) ಸ್ವಲ್ಪ ಸ್ವಲ್ಪ ಸರಿಸಿ. ಫ್ಲೋರೊಸೆಂಟ್ ಗುಲಾಬಿ, ಹಸಿರು ಬಳಸಿದ್ದರೆ ಅವು ಯಾವ ಪ್ರಿಂಟಿನಲ್ಲೂ ಹಾಗೇ ಬರುವುದಿಲ್ಲ. ಅದರ ಹಿಂದೆ ದಿನ ಕಳೆಯಬೇಡಿ.

ಅಡೋಬ್ ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿಯಲ್ಲಿ, 16 ಬಿಟ್ ಟಿಫ್ ಫೈಲ್ ಆಗಿ ಉಳಿಸಿ. ಇದು ಮೂಲ ಫೈಲ್. ಪ್ರಿಂಟ್ ಅಳತೆಗೆ ಇಳಿಸುವುದು, ಶಾರ್ಪನ್ ಮಾಡುವುದು ಎಲ್ಲ ಇದರ ನಕಲಿನಲ್ಲಿ.

ಹಂತ 10: ಪ್ರಿಂಟ್ ಅಂಗಡಿ ಮತ್ತು ಟೆಸ್ಟ್ ಸ್ಟ್ರಿಪ್

ಫ್ಲೆಕ್ಸ್ ಬ್ಯಾನರ್ ಹೊಡೆಯುವ ಮಷೀನಿಗೂ ಪಿಗ್ಮೆಂಟ್ ಇಂಕ್ ಬಳಸಿ ಕಾಟನ್ ಕಾಗದಕ್ಕೆ ಹೊಡೆಯುವ ಪ್ರಿಂಟರಿಗೂ ಸಂಬಂಧವಿಲ್ಲ. ಮೂರು ಪ್ರಶ್ನೆ ಕೇಳಿ. ಇಂಕ್ ಪಿಗ್ಮೆಂಟಾ? ಈ ಕಾಗದದ ಐಸಿಸಿ ಪ್ರೊಫೈಲ್ (ಆ ಪ್ರಿಂಟರ್, ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲ್) ಕೊಡುತ್ತೀರಾ? ಆಟೋ ಕರೆಕ್ಷನ್ ಆಫ್ ಇರುತ್ತದಾ? "ನಾವು ಸ್ವಲ್ಪ ಬಣ್ಣ ಏರಿಸಿ ಕೊಡುತ್ತೇವೆ" ಅಂದರೆ ಅಲ್ಲಿಂದ ಹೊರಡಿ. ಫೈಲನ್ನು ನೀವೇ ಸಿಎಂವೈಕೆ (ಮುದ್ರಣದ ನಾಲ್ಕು ಇಂಕಿನ ಬಣ್ಣದ ಲೆಕ್ಕ) ಮಾಡಿ ಕೊಡಬೇಡಿ, ವಾಟ್ಸಾಪಿನಲ್ಲಿ ಫೋಟೊ ಆಗಿ ಅಂತೂ ಕಳಿಸಲೇಬೇಡಿ.

ಪ್ರೊಫೈಲ್ ಸಿಕ್ಕರೆ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆ ಎಂದು ಪರದೆಯಲ್ಲೇ ತೋರಿಸುವ ಆಯ್ಕೆ) ಹಾಕಿ ನೋಡಿ. ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ರಾತ್ರಿಯ ದೃಶ್ಯ, ಕಡು ಹಿನ್ನೆಲೆಯ ಭಾವಚಿತ್ರಗಳಿಗೆ ಬ್ಯಾರೈಟಾ ಎಂಬ ಹೊಳಪಿನ ಲೇಪನದ ಕಾಗದ ಹೊಂದುತ್ತದೆ. ಜಲವರ್ಣಕ್ಕೆ ಮ್ಯಾಟ್ ಕಾಗದವೇ ಚೆಂದ.

ಪೂರ್ತಿ ಅಳತೆಯ ಪ್ರಿಂಟ್ ಮೊದಲಿಗೇ ಮಾಡಿಸಬೇಡಿ. ಚಿತ್ರದ ಕಷ್ಟದ ಜಾಗಗಳನ್ನು ಆರಿಸಿ: ಮುಖದ ಚರ್ಮ, ಅತಿ ಕಡು ನೆರಳು, ಆ ಕೋಬಾಲ್ಟ್ ಆಕಾಶ, ಬೂದು ಬಂಡೆ. ಇವುಗಳ ಪಟ್ಟಿಗಳನ್ನು ನಿಜ ಅಳತೆಯಲ್ಲೇ ಒಂದು ಎ4 ಹಾಳೆಗೆ ಹೊಂದಿಸಿ ಅದೇ ಕಾಗದದಲ್ಲಿ ತೆಗೆಸಿ. ಒಂದು ದಿನ ಒಣಗಲು ಬಿಡಿ. ಮರುದಿನ ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ, ರಾತ್ರಿ ಮನೆಯ ಲೈಟಿನಲ್ಲಿ, ಎರಡು ಸಲ ಮೂಲ ಚಿತ್ರದ ಪಕ್ಕ ಇಟ್ಟು ನೋಡಿ. ಬೆಳಗ್ಗೆ ಹೊಂದಿದ್ದು ರಾತ್ರಿ ಸ್ವಲ್ಪ ಬೇರೆ ಕಂಡರೆ ಗಾಬರಿ ಬೇಡ. ಮೂಲದ ಬಣ್ಣ, ಪ್ರಿಂಟಿನ ಇಂಕ್ ಬೇರೆ ಬೇರೆ ವಸ್ತು. ಚಿತ್ರ ಎಲ್ಲಿ ತೂಗಾಡುತ್ತದೋ ಆ ಬೆಳಕಿಗೆ ಹೊಂದಿಸಿ.

ತಿದ್ದಿದ ಮೇಲೆ ಇನ್ನೊಂದು ಪಟ್ಟಿ. ನನಗೆ ಸಾಮಾನ್ಯವಾಗಿ ಎರಡು ಸಾಕಾಗುತ್ತದೆ, ಕೋಟೆಯ ಬಂಡೆಗಳಿಗೆ ನಾಲ್ಕು ಆಗಿತ್ತು. ಒಪ್ಪಿಗೆಯಾದ ಪಟ್ಟಿಯ ಹಿಂದೆ ಪೆನ್ಸಿಲ್‌ನಿಂದ ಕಾಗದದ ಹೆಸರು, ಪ್ರೊಫೈಲ್, ಫೈಲ್ ಹೆಸರು, ತಾರೀಕು ಬರೆದು, ಬಿಸಿಲು ತಾಗದ ಡಬ್ಬದಲ್ಲಿಡಿ. ಆರು ತಿಂಗಳ ಮೇಲೆ ಯಾರಾದರೂ ಅದೇ ಚಿತ್ರದ ಎರಡನೇ ಪ್ರಿಂಟ್ ಕೇಳಿದಾಗ ಅಂಗಡಿಯವರ ಮುಂದೆ ಆ ಪಟ್ಟಿ ಇಟ್ಟು, "ಇದಕ್ಕೆ ಹೊಂದಬೇಕು" ಅನ್ನಿ.